ಬರುವ ಮೊದಲೇ ಕೋಣೆ ಗೊತ್ತಿರಬೇಕು: ಆಟಿಸಂ, ಎಡಿಎಚ್‌ಡಿ ಇರುವ ಅತಿಥಿಗಳಿಗಾಗಿ ಹೋಮ್‌ಸ್ಟೇ ಫೋಟೋ ತೆಗೆಯುವ ಬಗೆ

ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಉಪನಯನ, ಗೃಹಪ್ರವೇಶ ಮುಖ್ಯ ಕೆಲಸ. ಏಳೆಂಟು ವರ್ಷಗಳಿಂದ ಹೋಮ್‌ಸ್ಟೇಗಳ ಫೋಟೋ ಕೂಡ ತೆಗೆಯುತ್ತಿದ್ದೇನೆ.

ಅಕ್ಕನ ಮಗನಿಗೆ ಈಗ ಒಂಬತ್ತು ವರ್ಷ. ಮನೆಯಲ್ಲಿ ಪುಟ್ಟ ಅಂತ ಕರೆಯುತ್ತೇವೆ. ಅವನಿಗೆ ಆಟಿಸಂ ಇದೆ. ಎರಡು ವರ್ಷದ ಹಿಂದೆ ಎಲ್ಲರೂ ಸೇರಿ ಒಂದು ಹೋಮ್‌ಸ್ಟೇಗೆ ಹೋದೆವು. ಹೋಗುವ ಹದಿನೈದು ದಿನ ಮೊದಲಿಂದಲೇ ಪುಟ್ಟ ಅಲ್ಲಿನ ಫೋಟೋಗಳನ್ನು ದಿನವೂ ನೋಡುತ್ತಿದ್ದ. ನೀಲಿ ಪರದೆ, ಕಿಟಕಿ ಪಕ್ಕ ಮಂಚ, ಮಂಚದ ಪಕ್ಕ ಪುಟ್ಟ ದೀಪ. ಕಣ್ಣು ಮುಚ್ಚಿಕೊಂಡು ಹೇಳುವಷ್ಟು ಬಾಯಿಪಾಠ ಆಗಿತ್ತು. ಹೋಗಿ ಬಾಗಿಲು ತೆಗೆದರೆ ಪರದೆ ಕಂದು ಬಣ್ಣ. ಮಂಚ ಬೇರೆ ಗೋಡೆಗೆ. ದೀಪವೇ ಇಲ್ಲ. ಕೋಣೆ ಫೋಟೋದಲ್ಲಿ ಕಂಡದ್ದರ ಅರ್ಧ. ಪುಟ್ಟ ಎರಡೂ ಕಿವಿ ಮುಚ್ಚಿಕೊಂಡು ಹೊಸ್ತಿಲಲ್ಲೇ ನಿಂತ. ಒಂದು ಗಂಟೆ ಒಳಗೆ ಕಾಲಿಡಲಿಲ್ಲ. ಆ ರಾತ್ರಿ ಅಕ್ಕ ಅವನನ್ನು ಕರೆದುಕೊಂಡು ಕಾರಿನಲ್ಲಿ ಮಲಗಿದಳು.

ಆ ಫೋಟೋಗಳನ್ನು ತೆಗೆದವನು ನಾನಲ್ಲ. ಆದರೆ ಮನೆಗೆ ಬಂದು ನನ್ನ ಹಳೆಯ ಫೋಟೋಗಳನ್ನು ತೆರೆದು ನೋಡಿದಾಗ ಅದೇ ತಪ್ಪುಗಳು ಕಂಡವು. ಕೋಣೆಯನ್ನು ಹಿಗ್ಗಿಸುವ ಲೆನ್ಸ್. ಇದ್ದಬದ್ದ ದೀಪವೆಲ್ಲ ಹಚ್ಚಿದ್ದು. ಪಕ್ಕದ ಕೋಣೆಯಿಂದ ತಂದಿಟ್ಟ ದಿಂಬು. ಅಂದಿನಿಂದ ನನ್ನ ಕೆಲಸದ ರೀತಿ ಬದಲಾಯಿತು.

ಕಳೆದ ನವೆಂಬರ್‌ನಲ್ಲಿ ಕೊಪ್ಪದ ಹತ್ತಿರದ ಒಂದು ಅಡಿಕೆ ತೋಟದ ಮನೆಯವರು ಕರೆದರು. ಎರಡು ಕೋಣೆಗಳನ್ನು ಇಂಥ ಅತಿಥಿಗಳಿಗೆಂದೇ ಸಜ್ಜು ಮಾಡಿದ್ದರು. ಮಂದ ಮಾಡಬಹುದಾದ ದೀಪ, ಬೆಳಕು ತೂರದ ಪರದೆ, ಭಾರದ ಹೊದಿಕೆ, ಮೂಲೆಯಲ್ಲಿ ಒಂದು ಪುಟ್ಟ ಗುಡಾರ, ಜಗಲಿಯಲ್ಲಿ ಉಯ್ಯಾಲೆ. ಅಲ್ಲಿ ಮೂರು ದಿನ ಇದ್ದು ಫೋಟೋ ತೆಗೆದೆ. ಅದನ್ನೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ದೊಡ್ಡ ಕ್ಯಾಮೆರಾ ಇಲ್ಲದಿದ್ದರೂ ಪರವಾಗಿಲ್ಲ, ಫೋನ್ ಇದ್ದರೂ ಇದರಲ್ಲಿ ಮುಕ್ಕಾಲು ಪಾಲು ಮಾಡಬಹುದು.

ಯಾರಿಗಾಗಿ ತೆಗೆಯುತ್ತಿದ್ದೇವೆ?

ಇಂಥ ಅತಿಥಿಗಳನ್ನು ನ್ಯೂರೋಡೈವರ್ಜೆಂಟ್ ಎನ್ನುತ್ತಾರೆ. ಎಂದರೆ ಮಿದುಳು ಜಗತ್ತನ್ನು ಸ್ವಲ್ಪ ಬೇರೆ ರೀತಿಯಲ್ಲಿ ಗ್ರಹಿಸುವವರು. ಆಟಿಸಂ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದಿರುವುದು, ಚಡಪಡಿಕೆ), ಡಿಸ್ಲೆಕ್ಸಿಯಾ (ಓದು, ಬರಹ ಕಷ್ಟವಾಗುವುದು), ಟುರೆಟ್ (ತಡೆಯಲಾಗದೆ ಮೈ ಅದುರುವುದು, ಸದ್ದು ಹೊರಡುವುದು) ಎಲ್ಲವೂ ಇದರಲ್ಲಿ ಬರುತ್ತವೆ. ನಮ್ಮಲ್ಲಿ ಅಂಗವಿಕಲರ ಅನುಕೂಲ ಎಂದರೆ ತಕ್ಷಣ ನೆನಪಾಗುವುದು ರ‍್ಯಾಂಪ್. ಹಾಗಾಗಿ ರ‍್ಯಾಂಪಿನ ಒಂದು ಫೋಟೋ ಹಾಕಿ ಮುಗಿಸಿಬಿಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಆಟಿಸಂ ಮತ್ತು ಕಲಿಕೆಯ ತೊಂದರೆಗಳೂ ಇವೆ. ಇವರಿಗೆ ಮೆಟ್ಟಿಲು ಕಷ್ಟವಾಗದಿರಬಹುದು, ಮಿಣಮಿಣ ಎನ್ನುವ ಟ್ಯೂಬ್‌ಲೈಟ್ ಕಷ್ಟವಾಗಬಹುದು.

ಎಲ್ಲರೂ ಮಕ್ಕಳೇ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಗೆಳೆಯನಿಗೆ ಎಡಿಎಚ್‌ಡಿ ಇದೆ. ಅವನು ಫೋಟೋದಲ್ಲಿ ಹುಡುಕುವುದೇ ಬೇರೆ. ಬಾಗಿಲ ಹತ್ತಿರ ಬೀಗದ ಕೈ ತೂಗುಹಾಕಲು ಮೊಳೆ ಇದೆಯಾ? ಬಟ್ಟೆ ಕಣ್ಣಿಗೆ ಕಾಣುವಂತೆ ಇಡಲು ತೆರೆದ ಗೂಡು ಇದೆಯಾ? ಕಪಾಟಿನೊಳಗೆ ಇಟ್ಟದ್ದು ಅವನಿಗೆ ಮರೆತೇ ಹೋಗುತ್ತದೆ. ಮೇಜಿನ ಪಕ್ಕ ಪ್ಲಗ್ ಪಾಯಿಂಟ್ ಎಲ್ಲಿದೆ? ಇಂಥದ್ದನ್ನು ನಾನು ಮೊದಲೆಲ್ಲ ಚೌಕಟ್ಟಿನಿಂದ ಹೊರಗೇ ಇಡುತ್ತಿದ್ದೆ.

ಮೊದಲ ರಾತ್ರಿ ಕ್ಯಾಮೆರಾ ಮುಟ್ಟಬೇಡಿ

ಸಾಧ್ಯವಾದರೆ ಆ ಕೋಣೆಯಲ್ಲೇ ಒಂದು ರಾತ್ರಿ ಮಲಗಿ. ದೀಪ ಆರಿಸಿ ಸುಮ್ನೆ ಕೂತು ಕೇಳಿ, ನೋಡಿ, ಮೂಸಿ. ಬೆಚ್ಚಿ ಬೀಳಿಸುವಂಥದ್ದು ಏನಿದೆ ಅಂತ ಬರೆದಿಟ್ಟುಕೊಳ್ಳಿ. ಕೊಪ್ಪದಲ್ಲಿ ನನ್ನ ಪಟ್ಟಿ ಹೀಗಿತ್ತು: ಬೆಳಿಗ್ಗೆ ಆರಕ್ಕೆ ಪಂಪ್ ಶುರುವಾಗುತ್ತದೆ. ಬಚ್ಚಲಿನ ದೀಪದ ಸ್ವಿಚ್ ಹಾಕಿದರೆ ಎಕ್ಸಾಸ್ಟ್ ಫ್ಯಾನೂ ಜೊತೆಗೇ ಗುರ್ ಎನ್ನುತ್ತದೆ. ಜಗಲಿಯ ಕೊನೆಗೆ ತಗಡಿನ ಮಾಡು, ಅದರ ಮೇಲೆ ಸಂಪಿಗೆ ಮರದ ಕಾಯಿ ಬೀಳುತ್ತದೆ. ನಾಯಿ ಅಪರಿಚಿತರನ್ನು ಕಂಡರೆ ಎರಡು ಸಲ ಬೊಗಳಿ ಸುಮ್ಮನಾಗುತ್ತದೆ. ಅಡಿಕೆ ಬೇಯಿಸುವ ಕಾಲವಾದ್ದರಿಂದ ಹಂಡೆಯ ಹೊಗೆ, ಚೊಗರಿನ ವಾಸನೆ ಸಂಜೆ ಹೊತ್ತಿಗೆ ಕೋಣೆಯವರೆಗೂ ಬರುತ್ತದೆ.

ಆ ಪಟ್ಟಿಯ ಒಂದೊಂದು ಸಾಲಿಗೂ ಒಂದು ಫೋಟೋ ಅಥವಾ ಒಂದು ಸಾಲು ಬರಹ ಬೇಕು. ಪಟ್ಟಿಯನ್ನು ಮನೆಯವರಿಗೂ ತೋರಿಸಿ. ಕೆಲವನ್ನು ಅವರು ಅಲ್ಲೇ ಸರಿಮಾಡುತ್ತಾರೆ. ಎಕ್ಸಾಸ್ಟ್ ಫ್ಯಾನಿಗೆ ಬೇರೆ ಸ್ವಿಚ್ ಹಾಕಿಸಲು ಎಲೆಕ್ಟ್ರಿಷಿಯನ್ ಮರುದಿನವೇ ಬಂದ.

ನಡೆದು ಬರುವ ದಾರಿಯೇ ಫೋಟೋಗಳ ಸಾಲು

ಸಾಮಾನ್ಯವಾಗಿ ನಾವು ಎಲ್ಲಕ್ಕಿಂತ ಚಂದದ ಫೋಟೋವನ್ನು ಮೊದಲು ಇಡುತ್ತೇವೆ. ಇಲ್ಲಿ ಹಾಗೆ ಮಾಡಬಾರದು. ಅತಿಥಿ ಬರುವ ಕ್ರಮದಲ್ಲೇ ತೆಗೆಯಿರಿ. ಮುಖ್ಯ ರಸ್ತೆಯ ತಿರುವು, ಗೇಟು, ಕಾರು ನಿಲ್ಲಿಸುವ ಜಾಗ, ಅಂಗಳ, ಮೆಟ್ಟಿಲು, ಜಗಲಿ, ಬಾಗಿಲು, ಬಾಗಿಲು ತೆರೆದಾಗ ಕಾಣುವ ಮೊದಲ ನೋಟ. ಒಂದು ಫೋಟೋದ ಕೊನೆಯಲ್ಲಿ ಕಾಣುವುದು ಮುಂದಿನ ಫೋಟೋದ ಮೊದಲಲ್ಲಿ ಇರಬೇಕು. ಆಗ ನೋಡುವವರ ಮನಸ್ಸಿನಲ್ಲಿ ಕಾಲು ತಾನಾಗಿ ನಡೆಯುತ್ತದೆ.

ಇಡೀ ದಾರಿಯನ್ನು ಎರಡು ಎತ್ತರದಲ್ಲಿ ತೆಗೆಯಿರಿ. ದೊಡ್ಡವರಿಗೆ ಐದು ಅಡಿ, ಮಕ್ಕಳಿಗೆ ಮೂರೂವರೆ ಅಡಿ. ಮೂರೂವರೆ ಅಡಿಯಿಂದ ನೋಡಿದರೆ ಊಟದ ಮೇಜಿನ ಅಂಚು ಕಣ್ಣಿನ ಹತ್ತಿರಕ್ಕೇ ಬರುತ್ತದೆ. ಗೋಡೆಯ ಮೇಲಿದ್ದ ಕಾಡುಕೋಣದ ಕೊಂಬು ತೀರಾ ದೊಡ್ಡದಾಗಿ ಕಾಣುತ್ತದೆ. ಬಗ್ಗಿ ನೋಡುವವರೆಗೂ ನನಗೆ ಅದು ತಿಳಿದಿರಲಿಲ್ಲ.

ನೀರಿನ ಬಗ್ಗೆ ಒಂದು ಮಾತು. ಆಟಿಸಂ ಇರುವ ಕೆಲವು ಮಕ್ಕಳು ಯಾರಿಗೂ ಹೇಳದೆ ಹೊರಗೆ ನಡೆದುಬಿಡುತ್ತಾರೆ. ಅನೇಕರಿಗೆ ನೀರೆಂದರೆ ಬಲು ಸೆಳೆತ. ಮಲೆನಾಡಿನ ಮನೆ ಎಂದ ಮೇಲೆ ಬಾವಿ, ಕೆರೆ, ಹಳ್ಳ ಇದ್ದೇ ಇರುತ್ತದೆ ಅಲ್ವಾ? ಹೋಮ್‌ಸ್ಟೇಯವರು ಕೆರೆಯ ಸೂರ್ಯಾಸ್ತದ ಫೋಟೋ ಕೇಳುತ್ತಾರೆ. ತೆಗೆದುಕೊಡಿ. ಆದರೆ ಕೋಣೆಯ ಬಾಗಿಲಲ್ಲಿ ನಿಂತು ಕೆರೆ ಎಷ್ಟು ದೂರ ಎಂದು ಕಾಣುವ ಫೋಟೋ ಕೂಡ ತೆಗೆಯಲೇಬೇಕು. ಬಾವಿಯ ಮೇಲಿನ ಕಬ್ಬಿಣದ ಜಾಲರಿ, ಬೇಲಿ, ಗೇಟಿನ ಚಿಲಕ, ಆ ಚಿಲಕ ಎಷ್ಟು ಎತ್ತರದಲ್ಲಿದೆ, ಎಲ್ಲವೂ ಬೇಕು. ತಾಯಿಯೊಬ್ಬಳು ಬರಬೇಕೋ ಬೇಡವೋ ಎಂದು ತೀರ್ಮಾನಿಸುವುದು ಈ ಫೋಟೋ ನೋಡಿಯೇ. ಬೇಲಿ ಇಲ್ಲದಿದ್ದರೆ ಇಲ್ಲ ಎಂದೇ ತೋರಿಸಿ.

ಲೆನ್ಸ್

ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾ ಆದರೆ 24ರಿಂದ 35 ಎಂಎಂ ಲೆನ್ಸ್ ಒಳಗೆ ಇರಿ. ಕ್ರಾಪ್ ಸೆನ್ಸರ್ (ಅದಕ್ಕಿಂತ ಸಣ್ಣ ಸೆನ್ಸರ್) ಆದರೆ 16ರಿಂದ 24. ಫೋನ್ ಆದರೆ 1ಎಕ್ಸ್. 0.5ಎಕ್ಸ್ ಒತ್ತಲೇಬೇಡಿ. ಅದು ಹತ್ತಡಿ ಕೋಣೆಯನ್ನು ಮದುವೆ ಛತ್ರ ಮಾಡುತ್ತದೆ. ಇಡೀ ಕೋಣೆ ಒಂದೇ ಫೋಟೋದಲ್ಲಿ ಹಿಡಿಯಲಿಲ್ಲವಾ? ಎದುರುಬದುರು ಮೂಲೆಗಳಿಂದ ಎರಡು ತೆಗೆಯಿರಿ. ಕೆಳಗೆ ಅಳತೆ ಬರೆಯಿರಿ, ಹತ್ತಡಿ ಹನ್ನೆರಡಡಿ ಅಂತ. ಕ್ಯಾಮೆರಾ ಮಟ್ಟಸವಾಗಿರಲಿ. ಗೋಡೆಗಳು ವಾಲಿದಂತೆ ಕಂಡರೆ ಕೆಲವರಿಗೆ ನೋಡುವುದೇ ಹಿಂಸೆ.

ಬೆಳಕು: ಇಲ್ಲಿ ಹೆಚ್ಚು ಹೊತ್ತು ಕೊಡಿ

ಇಂಥ ಕೋಣೆಯಲ್ಲಿ ಬೆಳಕೇ ಮುಖ್ಯ ವಿಷಯ. ಹಾಗಾಗಿ ಬೆಳಕು ಹೇಗಿದೆಯೋ ಹಾಗೇ ತೋರಿಸಬೇಕು. ಕ್ಯಾಮೆರಾ ಅದಕ್ಕೆ ಬಿಡುವುದಿಲ್ಲ. ಆಟೋದಲ್ಲಿಟ್ಟರೆ ಕತ್ತಲ ಕೋಣೆಯನ್ನು ಬೆಳಗಿಸುತ್ತದೆ, ಹಳದಿ ದೀಪವನ್ನು ಬೆಳ್ಳಗೆ ಮಾಡುತ್ತದೆ.

ನಾನು ಮಾಡುವುದು ಹೀಗೆ. ಕ್ಯಾಮೆರಾ ಟ್ರೈಪಾಡ್ ಮೇಲೆ. ಒಂದೇ ಜಾಗದಿಂದ ದಿನಕ್ಕೆ ಮೂರು ಹೊತ್ತು: ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಎಂಟಕ್ಕೆ. ಕೊಪ್ಪದ ಕೋಣೆಯ ಮಾಡಿನಲ್ಲಿ ಎರಡು ಗಾಜಿನ ಹಂಚು ಇವೆ. ಹನ್ನೊಂದರ ಹೊತ್ತಿಗೆ ಅದರಿಂದ ಬಿಸಿಲಿನ ಕೋಲು ನೇರ ದಿಂಬಿನ ಮೇಲೆ ಬೀಳುತ್ತದೆ. ನೋಡಲು ಬಹಳ ಚಂದ. ಆದರೆ ಬೆಳಕು ಚುಚ್ಚುವವರಿಗೆ ಅದೇ ಕಷ್ಟ. ಆ ಫೋಟೋ ಹಾಕಿ, ಕೆಳಗೆ ಹೊತ್ತು ಬರೆದೆ. ಹಂಚಿನ ಕೆಳಗೆ ಎಳೆಯುವ ಬಟ್ಟೆ ಹಾಕಿಸಿದ ಮೇಲೆ ಅದರ ಫೋಟೋವನ್ನೂ ಪಕ್ಕದಲ್ಲಿಟ್ಟೆ.

ಮಂದ ಮಾಡುವ ದೀಪಗಳಿಗೆ ಒಂದು ಉಪಾಯ. ಪೂರ್ತಿ ಬೆಳಕಿನಲ್ಲಿ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಎಷ್ಟು ಬೆಳಕು ಎಂಬುದು) ಹೊಂದಿಸಿಕೊಳ್ಳಿ. ನಾನು ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 400 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಇಟ್ಟು ಬೇಕಾದಷ್ಟು ನಿಧಾನ ಶಟರ್ ಕೊಡುತ್ತೇನೆ. ಆಮೇಲೆ ಏನನ್ನೂ ಮುಟ್ಟದೆ ರೆಗ್ಯುಲೇಟರ್ ಅರ್ಧಕ್ಕೆ ಇಳಿಸಿ ಒಂದು, ಕಾಲು ಭಾಗಕ್ಕೆ ಇಳಿಸಿ ಇನ್ನೊಂದು ತೆಗೆಯಿರಿ. ಮೂರೂ ಪಕ್ಕಪಕ್ಕ ಇಟ್ಟರೆ ನಿಜವಾದ ವ್ಯತ್ಯಾಸ ಕಾಣುತ್ತದೆ. ಪ್ರತಿ ಸಲ ಹೊಸದಾಗಿ ಹೊಂದಿಸಿದರೆ ಮೂರೂ ಒಂದೇ ಥರ ಬಂದು ತೆಗೆದದ್ದೇ ದಂಡ. ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ, ಹೀಗೆ ಹೊಂದಿಸಿಟ್ಟ ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಕೊನೆಯದು ತೀರಾ ಕಪ್ಪಾಗಿ ಕಂಡರೆ ಮೂರನ್ನೂ ಒಂದೇ ಅಳತೆಯಲ್ಲಿ ಸ್ವಲ್ಪ ಏರಿಸಿ.

ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ಕ್ಯಾಮೆರಾ ಹೇಗೆ ತೋರಿಸಬೇಕು ಎಂಬುದು) ಕೂಡ ಕೈಯಲ್ಲೇ ಹೊಂದಿಸಿ. ಬೆಳಕಿನ ಬಣ್ಣದ ಅಳತೆ ಕೆಲ್ವಿನ್; ರಾತ್ರಿ ನಾನು 4000 ಕೆಲ್ವಿನ್‌ಗೆ ಇಡುತ್ತೇನೆ. ಆಗ 2700ರ ದೀಪ ಹಳದಿಯಾಗಿಯೇ ಕಾಣುತ್ತದೆ, 6500ರ ಟ್ಯೂಬ್ ನೀಲಿಯಾಗಿಯೇ ಕಾಣುತ್ತದೆ.

ಇನ್ನು ಮಿಣುಕು. ನಮ್ಮ ದೇಶದ ಕರೆಂಟ್ 50 ಹರ್ಟ್ಜ್. ಕಡಿಮೆ ಗುಣಮಟ್ಟದ ಎಲ್‌ಇಡಿಗಳು, ಹಳೇ ಚೋಕಿನ ಟ್ಯೂಬ್‌ಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಹೆಚ್ಚಿನವರಿಗೆ ಅದು ಕಾಣುವುದಿಲ್ಲ. ಕೆಲವರಿಗೆ ತಲೆ ಸಿಡಿಯುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ದೀಪವನ್ನು ಹಿಡಿದು ನೋಡಿ, ಪಟಪಟ ಹೊಡೆದುಕೊಂಡರೆ ಅದು ಮಿಣುಕುವ ದೀಪ. 1/1000 ಸೆಕೆಂಡಿನ ಶಟರ್‌ನಲ್ಲಿ ತೆಗೆದರೂ ಫೋಟೋದಲ್ಲಿ ಪಟ್ಟೆ ಬೀಳಬಹುದು. ನಾವು ಫೋಟೋಗ್ರಾಫರ್‌ಗಳು 1/50 ಅಥವಾ 1/100ಕ್ಕೆ ಇಟ್ಟು ಆ ಪಟ್ಟೆಯನ್ನು ಮರೆಸಲು ಕಲಿತಿದ್ದೇವೆ. ಇಲ್ಲಿ ಮರೆಸಿದರೆ ದೀಪ ಮಿಣುಕುತ್ತಲೇ ಇರುತ್ತದೆ. ಮೊದಲು ಮನೆಯವರಿಗೆ ಹೇಳಿ ದೀಪ ಬದಲಿಸಿ, ಆಮೇಲೆ ತೆಗೆಯಿರಿ. ಮಂದ ಮಾಡಿದಾಗ ಮಾತ್ರ ಮಿಣುಕುವ ದೀಪಗಳೂ ಇವೆ, ಹಾಗಾಗಿ ಎಲ್ಲ ಮಟ್ಟದಲ್ಲೂ ಪರೀಕ್ಷಿಸಿ.

ಕೊಪ್ಪದಲ್ಲಿ ಎರಡನೇ ರಾತ್ರಿ ಇನ್ನೊಂದು ಗಮನಕ್ಕೆ ಬಂತು. ಸೀಲಿಂಗ್ ಫ್ಯಾನಿನ ಮೇಲ್ಗಡೆ ದೀಪ ಇತ್ತು. ಫ್ಯಾನ್ ತಿರುಗಿದಾಗ ರೆಕ್ಕೆಯ ನೆರಳು ಇಡೀ ಗೋಡೆಯ ಮೇಲೆ ಕತ್ತರಿಸಿದ ಹಾಗೆ ಓಡುತ್ತಿತ್ತು. ನಿಧಾನ ಶಟರ್‌ನಲ್ಲಿ ಅದು ಕಾಣುವುದೇ ಇಲ್ಲ, ಗೋಡೆ ನುಣುಪಾಗಿ ಬರುತ್ತದೆ. ನನ್ನ ಫೋಟೋ ಚೆನ್ನಾಗಿಯೇ ಬಂದಿತ್ತು, ಆದರೆ ಅದು ಸುಳ್ಳು ಹೇಳುತ್ತಿತ್ತು. ದೀಪವನ್ನು ಪಕ್ಕದ ಗೋಡೆಗೆ ಸರಿಸುವವರೆಗೆ ಕಾದೆ.

ಬಚ್ಚಲು

ಅಕ್ಕ ಹೇಳುವ ಪ್ರಕಾರ ಹೊಸ ಜಾಗದಲ್ಲಿ ಜಾಸ್ತಿ ತೊಂದರೆ ಬರುವುದು ಇಲ್ಲೇ. ಹಾಗಾಗಿ ಒಂದೇ ಫೋಟೋ ಸಾಲದು. ಕಮೋಡ್ ಯಾವ ಥರದ್ದು, ಫ್ಲಶ್ ಒತ್ತುವುದೋ ಎಳೆಯುವುದೋ, ನಲ್ಲಿ ತಿರುಗಿಸುವುದೋ ಎತ್ತುವುದೋ, ಬಿಸಿನೀರು ಯಾವ ಕಡೆ, ಬಕೆಟ್, ಚೊಂಬು, ಶವರಿನ ತೂತುಗಳು. ಕೆಲವರಿಗೆ ಶವರಿನ ಹನಿ ಸೂಜಿ ಚುಚ್ಚಿದ ಹಾಗೆ. ಬಕೆಟ್ ಸ್ನಾನಕ್ಕೆ ಅನುಕೂಲ ಇದೆ ಎಂದು ಕಂಡರೆ ಅವರಿಗೆ ನೆಮ್ಮದಿ. ಒದ್ದೆ ನೆಲವನ್ನೂ ಒಣ ನೆಲವನ್ನೂ ತೋರಿಸಿ. ಒಳಗಿನ ಚಿಲಕವನ್ನು ಹೊರಗಿನಿಂದ ತೆಗೆಯಬಹುದಾ ಎಂಬುದನ್ನು ಬರೆಯಿರಿ. ಸ್ವಿಚ್‌ಬೋರ್ಡಿನ ಹತ್ತಿರದ ಫೋಟೋ ತೆಗೆದು ಯಾವ ಸ್ವಿಚ್ ಯಾವುದಕ್ಕೆ ಎಂದು ಕೆಳಗೆ ಬರೆದರೆ ಪುಟ್ಟನಂಥವರು ಅದನ್ನೇ ಹತ್ತು ಸಲ ಓದುತ್ತಾರೆ.

ಮುಟ್ಟಿದರೆ ಹೇಗಿರುತ್ತದೆ, ಕೇಳಿದರೆ ಹೇಗಿರುತ್ತದೆ

ಬಟ್ಟೆಯ ನೇಯ್ಗೆ ತೋರಿಸಲು ಕಿಟಕಿಯ ಓರೆ ಬೆಳಕು ಸಾಕು. ಹಾಸಿಗೆ ಬಟ್ಟೆ, ಟವೆಲ್, ಕಂಬಳಿ, ಭಾರದ ಹೊದಿಕೆ, ಕಾವಿ ನೆಲ, ಉಯ್ಯಾಲೆಯ ಹಗ್ಗ ಎಲ್ಲವನ್ನೂ ಹತ್ತಿರದಿಂದ ತೆಗೆಯಿರಿ. ಪಕ್ಕದಲ್ಲಿ ಒಂದು ಕೈ ಇದ್ದರೆ ಅಳತೆ ತಿಳಿಯುತ್ತದೆ. ಕಂಬಳಿ ಚುಚ್ಚುತ್ತದೆ ಎಂದರೆ ಹಾಗೆಯೇ ಬರೆಯಿರಿ. ಹೊದಿಕೆಯ ತೂಕ ಕಿಲೋದಲ್ಲಿ ಬರೆಯಿರಿ.

ಸದ್ದಿನ ಫೋಟೋ ತೆಗೆಯಲಾಗುವುದಿಲ್ಲ, ಸದ್ದು ಮಾಡುವುದರ ಫೋಟೋ ತೆಗೆಯಬಹುದು. ಪಂಪ್‌ಹೌಸ್, ಜನರೇಟರ್, ತಗಡಿನ ಮಾಡು, ಕೊಟ್ಟಿಗೆ. ಕೋಣೆಯಿಂದ ಎಷ್ಟು ಹೆಜ್ಜೆ ಎಂದು ಎಣಿಸಿ. ಅಲ್ಲಿ ಪಂಪ್‌ಹೌಸ್ 85 ಹೆಜ್ಜೆ ದೂರ. ಫೋನಿನ ಸೌಂಡ್ ಮೀಟರ್ ಆ್ಯಪ್ ಹಿಡಿದು ಮಂಚದ ಮೇಲೆ ಕೂತು ಅಳೆದೆ. ರಾತ್ರಿ 34 ಡೆಸಿಬೆಲ್, ಪಂಪ್ ಓಡುವಾಗ 47. ಫೋನಿನ ಅಳತೆ ಅಷ್ಟು ಕರಾರುವಾಕ್ಕಲ್ಲ. ಅದಕ್ಕೆ ಫೋನಿನಿಂದ ಅಳೆದದ್ದು ಎಂದೂ ಬರೆದೆ. ಜೊತೆಗೆ ಕ್ಯಾಮೆರಾ ಅಲುಗಿಸದೆ, ಹಾಡು ಸೇರಿಸದೆ ಅರ್ಧ ನಿಮಿಷದ ಎರಡು ವಿಡಿಯೋ ಮಾಡಿದೆ, ಹಗಲಿನದೊಂದು, ಜೀರುಂಡೆಯ ಸದ್ದಿರುವ ರಾತ್ರಿಯದೊಂದು.

ಅಲಂಕಾರ ಬೇಡ

ಆ ಮನೆಯ ಅಮ್ಮನಿಗೆ ಮಂಚದ ಮೇಲೆ ಹೂವಿಡುವ ಆಸೆ. ಮಲ್ಲಿಗೆ ಮಾಲೆ, ಹಂಸದ ಹಾಗೆ ಮಡಿಸಿದ ಟವೆಲ್, ಹಣ್ಣಿನ ಬುಟ್ಟಿ ಎಲ್ಲ ತಂದಿಟ್ಟರು. ಅವರ ಪ್ರೀತಿ ನನಗೆ ಅರ್ಥವಾಯಿತು. "ಅಮ್ಮಾ, ಇದೆಲ್ಲ ದಿನಾ ಇಡ್ತೀರಾ?" ಎಂದು ಕೇಳಿದೆ. "ಇಲ್ಲಪ್ಪ, ಫೋಟೋಕ್ಕೆ" ಎಂದರು. ಪುಟ್ಟನ ಪರದೆಯ ಕಥೆ ಹೇಳಿದೆ. ಅವರು ಏನೂ ಹೇಳದೆ ಹೂವನ್ನು ದೇವರ ಮನೆಗೆ ಒಯ್ದರು.

ಫೋಟೋದಲ್ಲಿ ಕಂಡದ್ದು ಬಂದ ದಿನವೂ ಅಲ್ಲೇ ಇರಬೇಕು. ಅಷ್ಟೇ ಮುಖ್ಯವಾಗಿ, ಬಂದ ದಿನ ಇರುವುದು ಫೋಟೋದಲ್ಲೂ ಇರಬೇಕು. ವೈರ್, ಇನ್ವರ್ಟರ್, ಗೋಡೆಯ ತೇವದ ಕಲೆ ಯಾವುದನ್ನೂ ಅಳಿಸಬೇಡಿ. ಎಡಿಟಿಂಗ್‌ನಲ್ಲಿ ಆಕಾಶ ಬದಲಿಸಬೇಡಿ. ಮಲೆನಾಡಿನ ಹಸಿರು ಮೊದಲೇ ದಟ್ಟ, ಅದಕ್ಕೆ ಇನ್ನಷ್ಟು ಬಣ್ಣ ಏರಿಸಬೇಡಿ. ಎಚ್‌ಡಿಆರ್ (ಬೇರೆ ಬೇರೆ ಬೆಳಕಿನಲ್ಲಿ ತೆಗೆದದ್ದನ್ನು ಒಂದೇ ಫೋಟೋ ಮಾಡುವುದು) ಬೇಡ, ಅದು ಕತ್ತಲ ಮೂಲೆಗಳನ್ನೆಲ್ಲ ಬೆಳಗಿಸಿಬಿಡುತ್ತದೆ.

ಮನುಷ್ಯರ ಫೋಟೋ ಬೇಕು. ಬಾಗಿಲು ತೆಗೆಯುವವರು, ಅಡುಗೆ ಮಾಡುವವರು, ತೋಟದಲ್ಲಿ ಎದುರಾಗುವವರು. ದಿನದ ಬಟ್ಟೆಯಲ್ಲೇ ಇರಲಿ, ಜರಿ ಸೀರೆ ಬೇಡ. ನಾಯಿಯದ್ದೂ ಒಂದು. ಬಂದಿರುವ ಅತಿಥಿ ಮಕ್ಕಳ ಫೋಟೋ ಮಾತ್ರ ತೆಗೆಯಬೇಡಿ. ಖಾಲಿ ಗುಡಾರ, ಖಾಲಿ ಉಯ್ಯಾಲೆ ಸಾಕು. ಅಲ್ಲಿ ತನ್ನನ್ನು ಕಲ್ಪಿಸಿಕೊಳ್ಳಲು ಆ ಮಗುವಿಗೂ ಜಾಗ ಸಿಗುತ್ತದೆ.

ಜೋಡಿಸುವುದು

ಕೊನೆಗೆ 38 ಫೋಟೋ ಉಳಿಸಿಕೊಂಡೆ. ಒಂದೊಂದಕ್ಕೂ ಸಂಖ್ಯೆ, ಒಂದು ಅಥವಾ ಎರಡು ಚಿಕ್ಕ ವಾಕ್ಯ. "ಇದು ನಿಮ್ಮ ಕೋಣೆಯ ಬಾಗಿಲು. ತೆಗೆದಾಗ ಸ್ವಲ್ಪ ಕಿರ್ ಎನ್ನುತ್ತದೆ." ಬರಹ ಫೋಟೋದ ಮೇಲೆ ಬೇಡ, ಕೆಳಗೆ ಇರಲಿ. ಡಿಸ್ಲೆಕ್ಸಿಯಾ ಇರುವವರಿಗೆ ಚಿತ್ರದ ಮೇಲಿನ ಅಕ್ಷರ ಓದುವುದು ಕಷ್ಟ, ಓದಿ ಹೇಳುವ ಆ್ಯಪ್‌ಗಳಿಗೂ ಕಷ್ಟ. ವೆಬ್‌ಸೈಟಿನಲ್ಲಿ ತಾನಾಗಿ ಓಡುವ ಸ್ಲೈಡ್ ಶೋ ಹಾಕಿಸಬೇಡಿ. ವಿಡಿಯೋದಲ್ಲಿ ಮಿಂಚು ಹೊಡೆಯುವ ಬದಲಾವಣೆ ಬೇಡ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿಂಚಬಾರದು ಎಂದು ವೆಬ್ ಮಾರ್ಗಸೂಚಿಗಳೇ ಹೇಳುತ್ತವೆ, ಅದು ಫಿಟ್ಸ್ ಬರಿಸಬಹುದು.

ಎಲ್ಲವನ್ನೂ ಒಂದು ಪಿಡಿಎಫ್ ಕೂಡ ಮಾಡಿಕೊಡಿ. ಕೊಪ್ಪದ ದಾರಿಯಲ್ಲಿ ನೆಟ್‌ವರ್ಕ್ ಸಿಗದ ಕಡೆಯೇ ಜಾಸ್ತಿ, ಫೋನಿನಲ್ಲಿ ಮೊದಲೇ ಇಳಿಸಿಕೊಂಡಿದ್ದರೆ ಕಾರಿನಲ್ಲಿ ನೋಡುತ್ತಾ ಬರಬಹುದು. ತೆಗೆದ ತಿಂಗಳು, ವರ್ಷ ಪ್ರತಿ ಪುಟದಲ್ಲೂ ಇರಲಿ. ಪರದೆ ಬದಲಿಸಿದರೆ ಆ ವಾರವೇ ಒಂದು ಫೋಟೋ ಕಳಿಸಿ ಎಂದು ಮನೆಯವರಿಗೆ ಹೇಳಿಬಂದಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾನೇ ಮತ್ತೆ ಹೋಗಬೇಕು. ನವೆಂಬರ್‌ನ ಒಣ ಅಂಗಳ ನೋಡಿಕೊಂಡು ಜುಲೈನಲ್ಲಿ ಬಂದವರಿಗೆ ಪಾಚಿಗಟ್ಟಿದ ಅಂಗಳ, ಅದರ ಮೇಲೆ ಹಾಸಿದ ಅಡಿಕೆ ದಬ್ಬೆ, ತಗಡಿನ ಮೇಲಿನ ಮಳೆಯ ಸದ್ದು ಎಲ್ಲವೂ ಹೊಸತು.

ಕೊಡುವ ಮೊದಲು ಒಬ್ಬರಿಗಾದರೂ ತೋರಿಸಿ, ಅಲ್ಲಿ ಉಳಿಯಬಹುದಾದ ಒಬ್ಬರಿಗೆ. ನಾನು ಪುಟ್ಟನಿಗೆ ತೋರಿಸಿದೆ. ಅವನು ನೆಲದ ಮೇಲೆ ಬೋರಲು ಮಲಗಿ ಒಂದರಿಂದ 38ರವರೆಗೆ ಎರಡು ಸಲ ನೋಡಿದ. ಗುಡಾರದ ಫೋಟೋವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಆಮೇಲೆ ಎಂಟನೆಯದಕ್ಕೆ ಹಿಂತಿರುಗಿ, ಜಗಲಿಯ ಕೊನೆಯಲ್ಲಿ ಕಾಣುವ ಮುಚ್ಚಿದ ಬಾಗಿಲಿನ ಮೇಲೆ ಬೆರಳಿಟ್ಟು "ಮಾಮ, ಇದರೊಳಗೆ ಏನಿದೆ?" ಎಂದ. ನಾನು ಮೂರು ದಿನ ಅದರ ಮುಂದೆಯೇ ಓಡಾಡಿದ್ದೆ, ತೆಗೆದು ನೋಡಿರಲಿಲ್ಲ. ಆಗಲೇ ಕೊಪ್ಪಕ್ಕೆ ಫೋನ್ ಮಾಡಿದೆ. ಅಡಿಕೆ ಮೂಟೆ ಇಡುವ ಉಗ್ರಾಣವಂತೆ. ಬಾಗಿಲು ತೆಗೆದು ಒಂದು ಫೋಟೋ ಕಳಿಸಿದರು. ಅದೀಗ ಒಂಬತ್ತನೆಯದು.